ಒಂದು ಚುಕ್ಕೆ, ಎರಡು ಹುಳುಮನೆ

ಹಲಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮಕ್ಕ ರೇಷ್ಮೆ ಹುಳು ಸಾಕುತ್ತಾಳೆ. ಅವಳ ಗಂಡ ಮತ್ತು ಮೈದುನ ಪಾಲಾದಾಗ ಮನೆಯ ನಡುವೆ ಒಂದು ಗೋಡೆ ಎಬ್ಬಿಸಿದರು. ಗೋಡೆ ಆಳೆತ್ತರ ದಾಟಿ ನಿಂತಿತು. ಸೂರಿನವರೆಗೆ ಹೋಗಲಿಲ್ಲ. ಹಿತ್ತಲಿನ ಹುಳುಮನೆಯಲ್ಲೂ ಅದೇ ಗೋಡೆ: ಈಚೆ ಅಕ್ಕನ ಹುಳು, ಆಚೆ ಮೈದುನನ ಹೆಂಡತಿ, ಅವಳ ಓರಗಿತ್ತಿಯ ಹುಳು. ಇಬ್ಬರಿಗೂ ಮಾತಿಲ್ಲ. ಯಾಕೆಂದು ಕೇಳಿದರೆ ಅಕ್ಕ ಒಂದೊಂದು ಸಲ ಒಂದೊಂದು ಕಾರಣ ಕೊಡುತ್ತಾಳೆ. ಎಲ್ಲವೂ ನಿಜವಿರಬಹುದು.

ಕಬ್ಬು ಭಾವನದು, ಹುಳು ಮತ್ತು ಅದು ತಿನ್ನುವ ಹಿಪ್ಪುನೇರಳೆ ಸೊಪ್ಪಿನ ತೋಟ ಅಕ್ಕನದು. ಆ ಮನೆಯಲ್ಲಿ ಅವಳು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ನಡೆಸುವ ಕೆಲಸ ಅದೊಂದೇ. ಈಚೆಗೆ ಊರಿಗೆ ಸುಣ್ಣಕಟ್ಟು ರೋಗ ಬಂದಿತ್ತು. ಅದು ಒಂದು ಬಗೆಯ ಬೂಷ್ಟು. ಗಾಳಿಯಲ್ಲಿ ಬರುತ್ತದೆ, ಹುಳು ಬೆಳ್ಳಗಾಗಿ ಸುಣ್ಣದ ಕಡ್ಡಿಯಂತೆ ಸೆಟೆದು ಸಾಯುತ್ತದೆ. ಹುಳುವಿನ ಬೆಳೆಯ ಮೇಲೆ ಬೆಳೆ ಹೋಯಿತು. "ಇನ್ನೊಂದ್ ಬೆಳೆ ಓದ್ರೆ ಸೊಪ್ಪಿನ್ ತೋಟ ಕಿತ್ತಾಕಿ ಕಬ್ಬು ಆಕ್ತೀನಿ" ಎಂದು ಭಾವ ಹೇಳಿದ್ದ. ಅವನು ಹೇಳಿದ್ದನ್ನು ಮಾಡುವವನು.

ಆಗ ಒಬ್ಬ ಸಂಶೋಧಕ ಬಂದ. ರೋಗ ಹೇಗೆ ಹರಡುತ್ತದೆ ಎಂಬುದನ್ನು ಗಣಿತದಲ್ಲಿ ಕಟ್ಟುವುದು ಅವನ ಕೆಲಸ. ನಾನು ಮಂಡ್ಯದಲ್ಲಿ ಪತ್ರಿಕೆಯೊಂದಕ್ಕೆ ವರದಿ ಮಾಡುವ ಆಳು. ಅಕ್ಕ ಫೋನ್ ಮಾಡಿದ್ದಕ್ಕೆ ಮಳವಳ್ಳಿ ದಾರಿಯ ಬಸ್ಸು ಹಿಡಿದು ಸಭೆಗೆ ಹೋದೆ.

ಹಾಲಿನ ಡೈರಿಯ ಗೋಡೆಯ ಮೇಲೆ ಅವನು ಊರನ್ನು ಚುಕ್ಕೆಗಳಾಗಿ ತೋರಿಸಿದ. ಒಂದೊಂದು ಹುಳುಮನೆಗೆ ಒಂದೊಂದು ಚುಕ್ಕೆ. ರೋಗ ಬಂದದ್ದು ಕೆಂಪು.

"ಸಾ, ಇದ್ರಲ್ಲಿ ನಾನೆಲ್ಲಿವ್ನಿ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ಕೆಂಪಗಿರೋದೆಲ್ಲಾ ನೀನೇ ಕಣ್ಲಾ, ಕೂತ್ಕೊ" ಎಂದ ಪಕ್ಕದವನು.

ಅವರವರಿಗೆ ತೋಚಿದಾಗ ಅವರವರು ಔಷಧಿ ಹೊಡೆದರೆ ಕೆಂಪು ಬಣ್ಣ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಓಡಾಡಿಕೊಂಡೇ ಇರುತ್ತದೆ ಎಂದು ಸಂಶೋಧಕ ಪರದೆಯ ಮೇಲೆ ಓಡಿಸಿ ತೋರಿಸಿದ. ಈ ಊರು, ಸುತ್ತಲಿನ ಊರು ಎಲ್ಲವೂ ಒಂದು ಬೆಳೆ ಹುಳು ಸಾಕದೆ ಬಿಟ್ಟು, ಕೊನೆಗೆ ಒಂದೇ ದಿನ ಎಲ್ಲರೂ ಔಷಧಿ ಹೊಡೆದು ಬಾಗಿಲು ಹಾಕಿದರೆ ಕೆಂಪು ಸಾಯುತ್ತದೆ ಎಂದ.

"ನಮ್ಮನೆ ಚುಕ್ಕಿ ಯಾವ್ದು?" ಎಂದು ಅಕ್ಕ ಕೇಳಿದಳು. ಅವನು ತೋರಿಸಿದ. "ಅವ್ರದು?" ಎಂದು ಓರಗಿತ್ತಿಯ ಕಡೆ ಗದ್ದ ಎತ್ತಿದಳು.

"ಅದೂ ಇದೇ ಅಮ್ಮ. ನಿಮ್ಮ ಗೋಡೆ ಸೂರು ಮುಟ್ಟಿಲ್ಲ. ಬೂಷ್ಟಿನ ಲೆಕ್ಕಕ್ಕೆ ಅದು ಒಂದೇ ಮನೆ."

ಇಬ್ಬರು ಹೆಂಗಸರೂ ಒಟ್ಟಿಗೇ ಎದ್ದು ನಿಂತರು. "ಒಂದೇ ಮನೆ ಅನ್ನಕ್ಕೆ ನೀನ್ಯಾರಪ್ಪ?" ಎಂದಳು ಓರಗಿತ್ತಿ. "ಪಾಲಾಗಿ ಎಷ್ಟ್ ವರ್ಸಾಯ್ತು, ಕೇಳು" ಎಂದಳು ಅಕ್ಕ. ಜನ ನಕ್ಕರು. ಸಂಶೋಧಕ ಚುಕ್ಕೆಯನ್ನು ಎರಡು ಮಾಡಲಿಲ್ಲ.

ನಾನು ಒಂದೇ ಪ್ರಶ್ನೆ ಕೇಳಿದೆ. ಎಲ್ಲರೂ ನಿಲ್ಲಿಸಿದರೆ ರೇಷ್ಮೆ ಗೂಡಿಗೆ ಬೆಲೆ ಏರುತ್ತದೆ, ಆಗ ನಿಲ್ಲಿಸದವನಿಗೇ ಲಾಭವಲ್ಲವೇ? "ಬೆಲೆ ಈ ಮಾದರಿಯೊಳಗೆ ಬರುವುದಿಲ್ಲ" ಎಂದ. ಅದು ತನ್ನ ಹೊಲದ ಬದುವಿನಾಚೆಯದು ಎಂಬಂತೆ ಹೇಳಿದ. ಊರು ಒಪ್ಪಿತು. ಎಲ್ಲರೆದುರು ಒಬ್ಬೊಬ್ಬರೂ ಹೂಂ ಅಂದರು, ಓರಗಿತ್ತಿಯೂ ಅಂದಳು.

ಕೆಲವು ವಾರ ಕಳೆದ ಮೇಲೆ ಅಕ್ಕನ ಫೋನ್ ಬಂತು. ಹೋದೆ. ತನ್ನ ಖಾಲಿ ಹುಳುಮನೆಗೆ ಕರೆದೊಯ್ದು ಮಾತಾಡಬೇಡ ಎಂದು ಕೈಸನ್ನೆ ಮಾಡಿದಳು. ಗೋಡೆಯ ಮೇಲಿಂದ ಸದ್ದು ಕೇಳುತ್ತಿತ್ತು. ತರಗೆಲೆಯ ಮೇಲೆ ಯಾರೋ ನಿಲ್ಲದೆ ಮೆಲ್ಲಗೆ ನಡೆದಂತಹ ಸದ್ದು. ದೊಡ್ಡ ಹುಳುಗಳು ಸೊಪ್ಪು ತಿನ್ನುವ ಸದ್ದದು.

ಓರಗಿತ್ತಿ ಹಿತ್ತಲಲ್ಲಿ ಸೊಪ್ಪಿನ ಚೀಲ ಕೊಡವುತ್ತಿದ್ದಳು. ತನ್ನ ತೋಟದ ಸೊಪ್ಪು ಮುಟ್ಟಿದರೆ ಊರಿಗೆ ಕಾಣುತ್ತದೆಂದು ಮದ್ದೂರು ಕಡೆಯಿಂದ ತರಿಸಿ, ಮೇಲೆ ಹುಲ್ಲು ಹೊದಿಸಿ ಮನೆಗೆ ಸೇರಿಸುತ್ತಿದ್ದಳು. ನನ್ನನ್ನು ನೋಡಿ ಚೀಲ ಬಚ್ಚಿಡಲೂ ಹೋಗಲಿಲ್ಲ.

"ಔದು, ಮೇಯಿಸ್ತಾ ಇವ್ನಿ. ಊರ್ನೋರೆಲ್ಲಾ ಮನೆ ತೊಳ್ಕಂಡ್ ಕೂತವ್ರೆ, ರೋಗ ಎಲ್ಲಿಂದ ಬತ್ತದೆ? ರೇಟೂ ಐತೆ. ಇಂಥ ಟೇಮು ಇನ್ಯಾವಾಗ ಸಿಗ್ತದೆ, ನೀನೇ ಯೋಳು. ಪೇಪರ್ಗೆ ಆಕ್ತೀಯಾ? ಆಕು. ಫೋಟೋ ಮಾತ್ರ ವಸಿ ಚೆನ್ನಾಗ್ ತಗಿ."

ಸಂಶೋಧಕ ಬಿಟ್ಟ ಲೆಕ್ಕವನ್ನು ಅವಳು ಮಾಡಿ ಮುಗಿಸಿದ್ದಳು. ಉಳಿದವರು ಮಾತು ಉಳಿಸಿಕೊಂಡಷ್ಟೂ ತಪ್ಪಿದವಳಿಗೆ ಅನುಕೂಲ. ಅವಳ ಹುಳುಮನೆಯಲ್ಲಿ ಬೂಷ್ಟು ಉಳಿದರೆ ಮೊದಲು ಬೀಳುವುದು ಅಕ್ಕನ ಮುಂದಿನ ಬೆಳೆ, ಅದರ ಹಿಂದೆ ಅಕ್ಕನ ತೋಟ.

ಊರಿಗೆ ಹೇಳು ಎಂದೆ. "ಯೋಳಿದ್ರೆ ಏನಾಯ್ತದೆ?" ಎಂದಳು ಅಕ್ಕ. "ನಾಕ್ ಜನ ಬಂದು ಬೈದ್ ಓಯ್ತಾರೆ. ಇವ್ಳು ಸೆರಗ್ ಸಿಗಿಸ್ಕಂಡು ನಿಂತ್ಕತಾಳೆ. ಉಳ ಅಂಗೇ ಮೇಯ್ತಿರ್ತವೆ. ಬುಡು, ನನ್ ದಿನ ಬರ್ಲಿ."

ಯಾವ ದಿನ ಎಂದು ನನಗೆ ಆಗ ಹೊಳೆಯಲಿಲ್ಲ. ಔಷಧಿ ಹೊಡೆಯುವ ದಿನ ಊರಿಗೆ ಹೋದಾಗ ಗೊತ್ತಾಯಿತು. ಫಾರ್ಮಲಿನ್ ಕ್ಯಾನುಗಳು ಮನೆಮನೆಗೆ ಬಂದಿದ್ದವು. ಅದರ ಹಬೆ ಕಣ್ಣಿಗೆ ಮೂಗಿಗೆ ಅಡರಿದರೆ ಮನುಷ್ಯನೇ ನಿಲ್ಲಲಾರ. ಹೊಡೆದು, ಬಾಗಿಲು ಕಿಟಕಿ ಮುಚ್ಚಿ, ಮಾರನೆಯ ದಿನದವರೆಗೆ ತೆರೆಯಬಾರದು ಎಂಬುದು ಸಂಶೋಧಕನ ಸೂಚನೆ. ಅವನೂ ಅಕ್ಕನ ಬಾಗಿಲಲ್ಲೇ ನಿಂತಿದ್ದ. ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪಂಪು ಬೆನ್ನಿಗೇರಿಸಿದ್ದಳು.

ಓರಗಿತ್ತಿ ಅವಸರದಲ್ಲಿ ಬಂದಳು. "ಅಕ್ಕಾ" ಎಂದಳು. ಪಾಲಾದ ಮೇಲೆ ಅವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. "ಇವತ್ತೊಂದ್ ದಿನ ಬುಡು. ಆಮೇಲ್ ಒಡ್ಕೊ."

"ಯಾಕೆ?"

"ಗೋಡೆ ಮೇಲಿಂದ ಬತ್ತದೆ ಅಂತ ನಿಂಗ್ ಗೊತ್ತಿಲ್ವಾ?"

"ಬಂದ್ರೆ ಒಳ್ಳೇದಲ್ವಾ? ನಿನ್ ಮನೆ ಖಾಲಿ ಐತಲ್ಲ. ಡೈರೀಲಿ ಊರ್ ಮುಂದೆ ಒಪ್ಕಂಡಲ್ಲ, ನಾನೂ ನಿಲ್ಲುಸ್ತೀನಿ ಅಂತ."

ಓರಗಿತ್ತಿ ಸಂಶೋಧಕನನ್ನು ನೋಡಿದಳು, ಅವನ ಹಿಂದೆ ನೆರೆದಿದ್ದ ಜನರನ್ನು ನೋಡಿದಳು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಬಂದಿತ್ತು. ಅಷ್ಟೂ ಹುಳುವನ್ನು ಹೊರಗೆ ಸಾಗಿಸಬೇಕಾದರೆ ಇವರೆಲ್ಲರ ಮುಂದೆಯೇ ಸಾಗಿಸಬೇಕು. ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕ ಹೊಡೆದಳು. ಮೂಲೆ, ಅಟ್ಟಣಿಗೆ, ಗೋಡೆಯ ತುದಿ ಒಂದೂ ಬಿಡದೆ, ಹೇಳಿಕೊಟ್ಟಂತೆಯೇ ಹೊಡೆದಳು. "ಇವರ ಥರ ಎಲ್ಲರೂ ಮಾಡಿದರೆ ಸಾಕು" ಎಂದು ಸಂಶೋಧಕ ಕನ್ನಡಕ ಒರೆಸಿಕೊಂಡು ನನಗೆ ಹೇಳಿದ.

ಮಾರನೆಯ ಬೆಳಿಗ್ಗೆ ಓರಗಿತ್ತಿಯ ಗಂಡ ಬುಟ್ಟಿಗಳನ್ನು ತಿಪ್ಪೆಗೆ ಹೊತ್ತು ಸುರಿಯುತ್ತಿದ್ದ. ಹುಳುಗಳು ತಲೆ ಮೇಲೆತ್ತಿ ಹಸಿರು ನೀರು ಕಾರಿದ್ದವು. ಕೆಲವು ಇನ್ನೂ ಮಿಸುಕುತ್ತಿದ್ದವು.

ಗೊತ್ತಿದ್ದೇ ಹೊಡೆದೆಯಾ ಎಂದು ಅಕ್ಕನನ್ನು ಕೇಳಿದೆ.

"ಗೊತ್ತಿಲ್ದೆ ಒಡೆಯಕ್ಕೆ ನಂಗೇನ್ ತಲೆ ಕೆಟ್ಟಿತ್ತಾ? ಅವ್ಳ ಮನೆ ರೋಗ ಇಲ್ಲಿಗ್ ಬರಕ್ಕೆ ದಾರಿ ಐತೆ. ನನ್ನೌಸ್ದಿ ಅಲ್ಲಿಗ್ ಓಗಕ್ಕೆ ದಾರಿ ಇರ್ಬಾರ್ದಾ?"

ಸಂಶೋಧಕ ಬಯಸಿದ್ದು ಆಯಿತು. ಆ ಊರಲ್ಲಿ ಮುಂದಿನ ಬೆಳೆಗೆ ಸುಣ್ಣಕಟ್ಟು ಬರಲಿಲ್ಲ. ಅಕ್ಕನ ಗೂಡು ಗಟ್ಟಿಯಾಗಿ ಬಂತು, ಭಾವ ಕಬ್ಬಿನ ಮಾತು ಎತ್ತಲಿಲ್ಲ. ಸಂಶೋಧಕ ಫೋನ್ ಮಾಡಿ, ಮಾದರಿ ಹೇಳಿದಂತೆಯೇ ನಡೆಯಿತು ಎಂದ. ಆ ಚುಕ್ಕೆಯ ಅರ್ಧ ಹೇಗೆ ಶುದ್ಧವಾಯಿತು ಎಂದು ಹೇಳಿದೆ. "ಫಲಿತಾಂಶ ಅದರಿಂದ ಬದಲಾಗುವುದಿಲ್ಲ" ಎಂದ. ಅವನ ಪರದೆಯ ಮಟ್ಟಿಗೆ ಅದು ಸರಿ.

ಓರಗಿತ್ತಿಯ ಮನೆಯವರು ತಮ್ಮ ಸೊಪ್ಪಿನ ತೋಟ ಕಿತ್ತು ಕಬ್ಬು ಹಾಕಿದರು. ಅದು ಅಕ್ಕನ ತೋಟದ ಬದುವಿಗೇ ಅಂಟಿದ ಜಮೀನು. ಕಬ್ಬಿಗೆ ಹುಳ ಬಿದ್ದಾಗ ಔಷಧಿ ಹೊಡೆಯುತ್ತಾರೆ. ಹೊಡೆಯಬಾರದು ಎನ್ನಲು ಯಾವ ಸಭೆಯೂ ಇಲ್ಲ. ಗಾಳಿ ಅಕ್ಕನ ತೋಟದ ಕಡೆಗೆ ತಿರುಗುವವರೆಗೆ ಓರಗಿತ್ತಿ ಪಂಪು ಹೊತ್ತು ಬದುವಿನ ಮೇಲೆ ನಿಂತಿರುತ್ತಾಳೆ. ಇದನ್ನು ನಾನೇ ನೋಡಿದ್ದೇನೆ.

ಈಗ ಅಕ್ಕ ಸೊಪ್ಪು ಕೊಯ್ದ ಕೂಡಲೇ ಎಲ್ಲ ಹುಳುವಿಗೂ ಹಾಕುವುದಿಲ್ಲ. ಬೇರೆ ಮೊರದಲ್ಲಿ ಒಂದು ಹಿಡಿ ಹುಳು ಇಟ್ಟುಕೊಂಡು, ಮೊದಲು ಅವಕ್ಕೆ ತಿನ್ನಿಸಿ, ಪಕ್ಕದಲ್ಲಿ ಕೂತು ಕಾಯುತ್ತಾಳೆ. ಕಳೆದ ಸಲ ನಾನು ಹೋದಾಗ ಮೊರದ ಹುಳುಗಳು ತಲೆ ಎತ್ತಿ ಹಸಿರು ನೀರು ಕಾರಿದ್ದವು. ಅಕ್ಕ ಸೊಪ್ಪಿನ ಹೊರೆಯನ್ನು ತಿಪ್ಪೆಗೆ ಎಸೆದು, ಬೇರೆ ಸೊಪ್ಪು ಹುಡುಕಿಕೊಂಡು ಬರಲು ಭಾವನನ್ನು ಎಬ್ಬಿಸಿದಳು. ಅವನು ಗೊಣಗುತ್ತ ಎದ್ದ. ಒಳಗೆ ಉಳಿದ ಹುಳುಗಳು ಹಸಿದು ಸಾಕುವ ತಟ್ಟೆಯ ಅಂಚಿಗೆ ಬಂದಿದ್ದವು.