ಬಾಗಿಲ ಹಿಂದಿನ ಪೇಟಿ

ಹೋದ ತಿಂಗಳು ರಾಮದುರ್ಗದಲ್ಲಿ ನಾದಿನಿಯ ಮನೆಗೆ ಪೂಜೆಗೆಂದು ಹೋಗಿದ್ದೆ. ಹಿತ್ತಲ ಬಾಗಿಲ ಹತ್ತಿರ ಒಂದು ಹಳೆಯ ಹಾರ್ಮೋನಿಯಂ ಪೇಟಿ, ಅದರ ಮೇಲೆ ಹಿಟ್ಟಿನ ಡಬ್ಬಿ. ಡಬ್ಬಿ ಸರಿಸಿ ಮುಚ್ಚಳ ಎತ್ತಿದೆ. ಹಳೆ ತೊಗಲಿನ ವಾಸನೆ, ಅದರೊಳಗೆಲ್ಲೋ ಕರ್ಪೂರದ್ದೂ ಇತ್ತೋ ಏನೋ... ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕಣ್ಣ ಮುಂದೆ ಬಂದು ನಿಂತಳು. ಜಿರಲೆ ಸೇರಬಾರದೆಂದು ಪೇಟಿಯಲ್ಲಿ ಕರ್ಪೂರ ಇಡುತ್ತಿದ್ದವಳು ಅವಳೇ.

ಎಪ್ಪತ್ತರ ದಶಕದ ಮಾತು. ಬೈಲಹೊಂಗಲದ ಹುಡುಗಿ. ಲಗ್ನಕ್ಕೆ ಮೊದಲೇ ಕಿತ್ತೂರು, ಧಾರವಾಡಗಳಲ್ಲಿ ಒಬ್ಬಳೇ ಕೂತು ಪೇಟಿ ಬಾರಿಸಿ ಬಂದವಳು. ಹಾಡುವವರ ಹಿಂದೆ ಸಾಥ್ ಕೊಡುವುದಲ್ಲ, ಅವಳದೇ ಬೈಠಕ್. ಗವಾಯಿಗಳಿಗಾಗಿ ಬಂದ ಮಂದಿ ಇವಳನ್ನು ಕೇಳಿ ಎದ್ದು ಹೋಗದೆ ಕೂತಿದ್ದರಂತೆ. ಸವದತ್ತಿಯ ನಮ್ಮ ಮನೆಗೆ ಸೊಸೆಯಾಗಿ ಬರುವಾಗ ಪೇಟಿಯನ್ನೂ ತಂದಳು. ನನಗೋ ಆಗ ಒಳಗೊಳಗೇ ಹೊಟ್ಟೆಕಿಚ್ಚು, ನನ್ನ ತವರಿನಿಂದ ಬಂದದ್ದು ಹಿತ್ತಾಳೆಯ ಹಂಡೆ ಮಾತ್ರ.

ವಾರದೊಳಗೆ ಅತ್ತೆಯವರು ಪೇಟಿಯನ್ನು ಅಟ್ಟಕ್ಕೇರಿಸಿದರು.

"ಮನ್ಯಾಗ ಲಗ್ನದ ಹುಡುಗಿ ಅದ. ಸೊಸಿ ನಾಟಕದಾಕಿಹಂಗ ಪೇಟಿ ಬಾರಿಸಿದ್ರ ಇಕಿನ್ನ ಯಾರು ಮಾಡ್ಕೊಂಡಾರು? ಇಕಿ ಲಗ್ನ ಒಂದು ಆಗ್ಲಿ, ಆಮ್ಯಾಲೆ ದಿನಾ ಬಾರಸು," ಎಂದರು.

ಅವಳು ಆ ಮಾತನ್ನು ನಂಬಿದಳು. ನಾದಿನಿಗೆ ಗಂಡು ಸಿಗಲೆಂದು ನಮ್ಮ ಅತ್ತೆಗಿಂತ ಹೆಚ್ಚು ದೇವರಿಗೆ ಹರಕೆ ಹೊತ್ತವಳು ಅವಳೇ ಇರಬೇಕು.

ಕೊನೆಗೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಹುಡುಗನ ತಂದೆಗೆ ಸಂಗೀತದ ಹುಚ್ಚು. ಹುಡುಗಿಗೆ ಏನಾದರೂ ಬರುತ್ತದೆಯೇ ಎಂದು ಹೇಳಿ ಕಳಿಸಿದ್ದರು. ಎಲುಬಿಲ್ಲದ ನಾಲಿಗೆ ನೋಡಿ, ಅತ್ತೆಯವರು ಥಟ್ಟನೆ "ಪೇಟಿ ಬಾರಸ್ತಾಳ" ಅಂದುಬಿಟ್ಟರು. ನಮ್ಮ ನಾದಿನಿಗೆ ಪೇಟಿಯ ಮುಂದು ಯಾವುದು, ಹಿಂದು ಯಾವುದು ಎನ್ನುವುದೂ ಗೊತ್ತಿರಲಿಲ್ಲ.

ಅಟ್ಟದಿಂದ ಪೇಟಿ ಇಳಿಯಿತು. ಗಂಡಿನವರು ಪಡಸಾಲೆಯಲ್ಲಿ ಕೂತರು. ನಾದಿನಿ ಶಿರಾ ಕೊಟ್ಟು ತಲೆ ಬಗ್ಗಿಸಿ ನಡುಮನೆಗೆ ಬಂದಳು. "ಮಂದಿ ಮುಂದ ಬಾರಸ್ಲಿಕ್ಕೆ ನಾಚ್ತಾಳ್ರಿ, ಒಳಗ ಕೂತು ಬಾರಸ್ತಾಳ," ಎಂದು ಅತ್ತೆಯವರು ಬಾಗಿಲು ಮುಂದೆ ಮಾಡಿದರು. ಒಳಗೆ ನೆಗೆಣ್ಣಿ ಪೇಟಿಯ ಮುಂದೆ ಕಾದಿದ್ದಳು. ನನ್ನ ಕಿವಿಯಲ್ಲಿ, "ಅಕ್ಕಾ, ಇದೊಂದು ಆದ್ರ ಮುಗೀತು. ಬರೋ ವರ್ಷ ಮತ್ತ ಧಾರವಾಡದಾಗ ಬಾರಸ್ತೀನಿ," ಅಂದಳು.

ಭೀಮಪಲಾಸ ಬಾರಿಸಿದಳು. ನನಗೆ ಸಂಗೀತ ತಿಳಿಯುವುದಿಲ್ಲ. ಆದರೆ ಒಲೆಯ ಮೇಲಿನ ಚಹಾ ಉಕ್ಕಿ ಚೆಲ್ಲಿದ್ದು ನನಗೆ ಗೊತ್ತಾಗಲಿಲ್ಲ. ಹೊರಗೆ ಆ ಹಿರಿಯರು "ವಾಹ್" ಅನ್ನುತ್ತಿದ್ದರು, ಇನ್ನೊಂದು ಆಗಲಿ ಅಂದರು, ಮತ್ತೂ ಒಂದು ಅಂದರು. ಪಕ್ಕದಲ್ಲಿ ನಾದಿನಿ ಉಗುರು ಕಡಿಯುತ್ತ ಕೂತಿದ್ದಳು. ಲಗ್ನ ಅಲ್ಲೇ ಗಟ್ಟಿಯಾಯಿತು.

ಲಗ್ನದ ಸಾಮಾನು ಕಟ್ಟುವಾಗ ಅತ್ತೆಯವರು ಪೇಟಿಯನ್ನೂ ಹೊರಗೆ ತರಿಸಿದರು. "ಬಾರಸ್ತಾಳ ಅಂತ ಹೇಳೇವಿ. ಪೇಟಿ ಇಲ್ದ ಕಳಸಿದ್ರ ಸಂಶೆ ಬರ್ತದ," ಎಂದರು. ಮೈದುನ ಪೇಪರಿನಿಂದ ತಲೆ ಎತ್ತದೆ, "ನಿನಗ ಹೊಸಾದು ಕೊಡಸ್ತೀನಿ ತಗೋ," ಅಂದ. ಕೊಡಿಸಿದ್ದನ್ನು ನಾನಂತೂ ನೋಡಲಿಲ್ಲ.

ಅಷ್ಟು ಚೆನ್ನಾಗಿ ಬಾರಿಸದಿದ್ದರೆ ಪೇಟಿ ಉಳಿಯುತ್ತಿತ್ತು... ನೆಗೆಣ್ಣಿ ಒಳಗೆ ಹೊಸ ಕರ್ಪೂರ ಇಟ್ಟು, ಗವಸು ಹಾಕಿ, ತಾನೇ ಎತ್ತಿ ಗಾಡಿಗೆ ಕೊಟ್ಟಳು.

ನಾದಿನಿಯ ಗುಟ್ಟು ಎಂದೂ ಬಯಲಾಗಲಿಲ್ಲ. ಕಾರಣ ಸರಳ. ಮಾವ ಸಂಗೀತಪ್ರೇಮಿಯಾದರೂ ಅತ್ತೆ ಎಲ್ಲ ಕಡೆಯೂ ಅತ್ತೆಯೇ. ಸೊಸೆಯಾದವಳು ಪೇಟಿ ಬಾರಿಸುವುದು ಆ ಮನೆಯಲ್ಲೂ ಬೇಡವಾಗಿತ್ತು. ಆ ಮಾವ ಮಾತ್ರ ಅವತ್ತಿನ ಭೀಮಪಲಾಸವನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನಾದಿನಿಯ ಸೀಮಂತಕ್ಕೆ ಹೋದಾಗ ಹೋಳಿಗೆ ಬಡಿಸುತ್ತಿದ್ದ ನನ್ನ ನೆಗೆಣ್ಣಿಗೂ ಹೇಳಿದರು. "ನನ್ನ ಸೊಸಿ ಕೈ ಅಂದ್ರ ಏನಂತಿ. ಒಂದ ಮನ್ಯಾಗ ಇದ್ರಿ, ನೀನೂ ಆಕಿ ಕಡೆ ಒಂದೀಟು ಕಲ್ಕೋಬೇಕಿತ್ತವಾ."

ಅವಳು ಅವರ ಎಲೆಗೆ ತುಪ್ಪ ಹಾಕುತ್ತ, "ಹೌದ್ರಿ, ಕಲೀಬೇಕಿತ್ತು," ಅಂದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅವಳಿಗೆ ಆ ಕಾಲ ಬರಲೇ ಇಲ್ಲ. ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದಳು, ಅವರ ಹಿಂದೆಯೇ ತಾನೂ ಹೋದಳು. ಧಾರವಾಡದ ಮಾತನ್ನು ಮತ್ತೆ ಎತ್ತಿದ್ದು ನಾನು ಕೇಳಲಿಲ್ಲ.

ರಾಮದುರ್ಗದಲ್ಲಿ ನಾನು ಮುಚ್ಚಳ ಎತ್ತಿದ್ದನ್ನು ನೋಡಿ ನಾದಿನಿಯ ಮೊಮ್ಮಗಳು ಓಡಿ ಬಂದಳು. "ಅಜ್ಜಿ, ನೀ ಭಾಳ ಛಲೋ ಬಾರಸ್ತಿದ್ದೆಂತ, ಖರೇನ?"

ನಾದಿನಿ ನನ್ನ ಮುಖ ನೋಡಿದಳು. ಅವಳಿಗೂ ನನಗೂ ತಲೆಯೆಲ್ಲ ಬೆಳ್ಳಗಾಗಿದೆ, ಆ ಮನೆಯ ಹಿರಿಯರು ಯಾರೂ ಉಳಿದಿಲ್ಲ. ಈಗಲಾದರೂ ಹೇಳುತ್ತಾಳೆ ಅಂದುಕೊಂಡೆ.

"ಹೂಂ, ಬಾರಸ್ತಿದ್ದೆ," ಅಂದಳು.

ನಾನು ಪೇಟಿಯನ್ನು ಅವಳ ಮುಂದಕ್ಕೆ ಎಳೆದೆ. "ಬಾರಸವಾ ಹಂಗಾದ್ರ. ಕೂಸು ಕೇಳ್ಲಿಕ್ಕೆ ಹತ್ತದ."

ಅವಳು ತಿದಿ ಒತ್ತಿ ಒಂದು ಬೆರಳಿಟ್ಟಳು. ತಿದಿಯನ್ನು ಇಲಿ ಕಡಿದಿತ್ತು. ಬರೀ ಗಾಳಿ ಬಂತು. "ನೋಡು, ಪೇಟಿ ಕೆಟ್ಟದ," ಎಂದು ಮೊಮ್ಮಗಳಿಗೆ ಹೇಳಿ, ಹಿಟ್ಟಿನ ಡಬ್ಬಿಯನ್ನು ಮತ್ತೆ ಅದರ ಮೇಲಿಟ್ಟಳು.

ಬಸ್ಸಿನಲ್ಲಿ ಸವದತ್ತಿ ಮುಟ್ಟುವವರೆಗೆ ಅಳುತ್ತಲೇ ಇದ್ದೆ. ನೆಗೆಣ್ಣಿ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.