ರುದ್ರವ್ವನ ಎಡಗೈ ರೊಟ್ಟಿ

ಆ ಕಾಲಕ್ಕೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಗಡಿಯಾರ ಇದ್ದ ಮನೆಗಳು ಕಡಿಮೆ. ಯಾರಿಗೆ ಬೇಕಿತ್ತು ಗಡಿಯಾರ? ಅಂಗಡಿಯ ಶಂಕ್ರೆಪ್ಪನ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತೆಂದರೆ ಓಣಿಗೆ ಬೆಳಗಾಯಿತು. ಬಡಿತದ ಸದ್ದು, ಅದರ ಬೆನ್ನಿಗೇ ಬಳೆಗಳ ಸದ್ದು. ಬಡಿಯುತ್ತಿದ್ದವಳು ಶಂಕ್ರೆಪ್ಪನ ಹೆಂಡತಿ ರುದ್ರವ್ವ, ಬಬಲೇಶ್ವರದ ಹೆಣ್ಣುಮಗಳು. ಈಗ ಪ್ಯಾಕೆಟ್ ಕಟ್ಟಿ ಮಾರುತ್ತಾರಲ್ಲ, ಅವನ್ನು ರೊಟ್ಟಿ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. ರುದ್ರವ್ವನ ರೊಟ್ಟಿಯ ಅಂಚು ಎಷ್ಟು ತೆಳುವೋ ನಡುವೂ ಅಷ್ಟೇ ತೆಳು. ಓಣಿಯಲ್ಲಿ ಯಾರ ಮನೆಯ ಮದುವೆಯಿದ್ದರೂ ಮೊದಲು ಕರೆ ಬರುತ್ತಿದ್ದುದು ಅವಳಿಗೆ. ಹತ್ತು ಹೆಂಗಸರು ಸಾಲಾಗಿ ಕೂತು ಕಡಕ್ ರೊಟ್ಟಿ ಬಡಿಯುವಾಗ ನಡುವಿನ ಒಲೆ ಅವಳದೇ. ಅದರ ಜಂಬವೂ ಅವಳಿಗೆ ಇತ್ತು, ಸುಳ್ಳೇಕೆ ಹೇಳಲಿ!

ಎರಡನೇ ಮಹಾಯುದ್ಧ ನಡೆದಿದ್ದ ವರ್ಷಗಳವು. ಪೇಟೆಯಲ್ಲಿ ಜೋಳಕ್ಕೂ ಕಂಟ್ರೋಲ್ ಬಂದು ಅಳೆದು ಕೊಡುತ್ತಿದ್ದರು. ತವರಿನಿಂದ ಎರಡು ಚೀಲ ಜೋಳ ಹೇರಿಕೊಂಡು ರುದ್ರವ್ವ ಚಕ್ಕಡಿಯಲ್ಲಿ ವಿಜಯಪುರಕ್ಕೆ ಮರಳುತ್ತಿದ್ದಳು. ದಾರಿಯ ಹಳ್ಳದಲ್ಲಿ ಗಾಲಿ ಕಳಚಿ ಚಕ್ಕಡಿ ಮಗುಚಿತು. ಒಂದು ಚೀಲ ನೇರ ಅವಳ ಬಲ ಮುಂಗೈ ಮೇಲೆ ಬಿತ್ತು. ಎಲುಬು ಕೂಡಿಸುವವನೊಬ್ಬ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಕಟ್ಟು ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಮಡಚಿದ ಬೆರಳುಗಳು ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ.

ಜನ ಬಂದು ಅತ್ತರು. ರುದ್ರವ್ವ ಮಾತ್ರ ಅಳಲಿಲ್ಲ. ಗಂಡ ಎದುರು ಕೂತು ಕಣ್ಣೊರೆಸಿಕೊಂಡರೆ, "ಸತ್ತೇನೇನ್ರಿ ನಾ? ಏಳ್ರಿ, ಅಂಗಡಿ ತಗೀರಿ," ಎಂದು ಗದರಿಸಿದಳು.

ಮಗಳು ಗುರುಬಾಯಿ ಇನ್ನೂ ಸಣ್ಣವಳು, ರೊಟ್ಟಿ ಅವಳ ಅಂಗೈಗೆ ಮೀರಿದ್ದು. ಪಕ್ಕದ ಮನೆಯ ರೇಣವ್ವ ಪಾಪ, ದಿನಾ ತನ್ನ ಮನೆಯಿಂದ ರೊಟ್ಟಿ ಕಳಿಸುತ್ತಿದ್ದಳು. ಒಳ್ಳೆಯ ಹೆಂಗಸು. ಆದರೆ ಓಣಿಗೆಲ್ಲ ರೊಟ್ಟಿ ಬಡಿದವಳು ಕೈಯೊಡ್ಡಿ ಉಣ್ಣುವಾಗ ಅರ್ಧ ರೊಟ್ಟಿಗೇ ಕೈ ತೊಳೆದು ಏಳುತ್ತಿದ್ದಳು. ಅಷ್ಟರಲ್ಲಿ ಓಣಿಯಲ್ಲೊಂದು ಮದುವೆ ಬಂತು. ನಡುವಿನ ಒಲೆಗೆ ರೇಣವ್ವನನ್ನು ಕರೆದರು. ರುದ್ರವ್ವನಿಗೆ, "ಅಕ್ಕಾರ, ನೀವು ಆರಾಮ ಕುಂತು ಮಾತಾಡ್ರಿ," ಎಂದು ಚಾಪೆ ಹಾಸಿಕೊಟ್ಟರು. ಆ ಚಾಪೆ ಅವಳನ್ನು ಚುಚ್ಚಿದಷ್ಟು ಮುರಿದ ಎಲುಬೂ ಚುಚ್ಚಿರಲಿಲ್ಲ.

ಮರುದಿನ ಒಲೆ ಹಚ್ಚಿ ಕೂತಳು. ಎಡಗೈಯಿಂದ ಹಿಟ್ಟು ನಾದಿದಳು, ಎಡಗೈಯಿಂದಲೇ ಬಡಿದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಹರಿದು ಮೂರು ತುಂಡಾಯಿತು. "ಇಷ್ಟು ವರ್ಷ ಕುಂತು ಉಂಡೀ ಅಲ್ಲೇನು, ಈಗ ದುಡೀ ಬೇ!" ಎಂದು ತನ್ನ ಎಡಗೈಯನ್ನೇ ಬೈದಳು. ಆ ತಿಂಗಳೆಲ್ಲ ಹಿತ್ತಲಿನ ಎಮ್ಮೆಗೆ ಹಬ್ಬ. ತುಂಡು, ಮುದ್ದೆ, ಕರಕಲು, ಎಲ್ಲವೂ ಅದರ ಬಾಯಿಗೇ ಹೋದವು. ಎಮ್ಮೆ ಮೈತುಂಬಿಕೊಂಡಿತು, ರುದ್ರವ್ವ ಸೊರಗಿದಳು. ಬೇಸಿಗೆ ಕಳೆದು ಮಳೆ ಬೀಳುವ ಹೊತ್ತಿಗೆ ಒಂದು ದಿನ ರೊಟ್ಟಿ ಹಂಚಿನ ಮೇಲೆ ದುಂಡಗೆ ಉಬ್ಬಿ ನಿಂತಿತು. ಶಂಕ್ರೆಪ್ಪ ಅಂದು ಅಂಗಡಿಯನ್ನೇ ಮರೆತು ಉಂಡ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಬ್ಬಕ್ಕೆಂದು ರುದ್ರವ್ವ ರೇಣವ್ವನ ಮನೆಗೆ ಒಂದು ಬುಟ್ಟಿ ರೊಟ್ಟಿ ಒಯ್ದಳು. ರೇಣವ್ವ ಮುಖ ಸಣ್ಣದು ಮಾಡಿಕೊಂಡು, "ಅಕ್ಕಾ, ಸಿಟ್ಟಾಗಬ್ಯಾಡ. ಎಡಗೈಲೆ ಬಡದದ್ದು ದೇವರಿಗೆ ಹೆಂಗ ಎಡಿ ಹಿಡೀಲಿ? ಮನಿಗೆ ಉಣ್ಣಾಕ ಬರೋ ಅಯ್ಯನವರಿಗೆ ಹೆಂಗ ನೀಡಲಿ?" ಎಂದಳು. ಮರುದಿನ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಾಗ ರುದ್ರವ್ವನಿಗೆ ಅದಕ್ಕೊಂದು ಉತ್ತರ ಹೊಳೆಯಿತು. ಆದರೆ ಕಷ್ಟಕಾಲಕ್ಕೆ ಅನ್ನ ಕೊಟ್ಟವಳ ಎದುರು ಬಾಯಿ ಮಾಡುವುದು ಹೇಗೆ? ಅಂದಿನಿಂದ ರುದ್ರವ್ವನ ರೊಟ್ಟಿ ಹೊಸ್ತಿಲು ದಾಟಲಿಲ್ಲ. ಹೊರಗೆ ಹೋದರೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಚಟವೂ ಬಿತ್ತು.

ಮನೆಯೊಳಗಿನ ಒಲೆಯನ್ನಂತೂ ಅವಳು ಯಾರಿಗೂ ಬಿಡಲಿಲ್ಲ. ಒಮ್ಮೆ ಕಳೆದುಕೊಂಡ ಜಾಗ ನೋಡಿ! ಗುರುಬಾಯಿ ದೊಡ್ಡವಳಾದಳು. ಎದುರು ಕೂತು ಹಿಟ್ಟು ನಾದಿಕೊಡುವುದು, ಬೇಯಿಸಿ ತೆಗೆಯುವುದಷ್ಟೇ ಅವಳ ಕೆಲಸ. ಬಡಿಯುವ ಸರದಿ ಸಿಗುತ್ತಿದ್ದುದು ಅವ್ವ ಬಬಲೇಶ್ವರಕ್ಕೆ ಹೋದಾಗ ಮಾತ್ರ. ಮರಳಿ ಬಂದ ರುದ್ರವ್ವ ಬುಟ್ಟಿಯಲ್ಲಿದ್ದ ರೊಟ್ಟಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, "ಚಲೋ ಬಡದೀ ಬೇ," ಎನ್ನುತ್ತಿದ್ದಳು. ಹುಡುಗಿ ಹೇಗೆ ಬಡಿಯುತ್ತಾಳೆಂದು ಕಣ್ಣಾರೆ ನೋಡಲೇ ಇಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಗುರುಬಾಯಿಯನ್ನು ತಿಕೋಟಾದ ಕಾಶಿಬಾಯಿಯ ಮಗನಿಗೆ ಕೊಟ್ಟರು. ಕಾಶಿಬಾಯಿ ಎಂದರೆ ಮಡಿ, ನೇಮ, ಕಟ್ಟುನಿಟ್ಟು. ಅದಕ್ಕೇ ಹೆದರಿ ರುದ್ರವ್ವ ಮಗಳ ಬುತ್ತಿಯ ರೊಟ್ಟಿಗಳನ್ನು ರೇಣವ್ವನ ಕೈಯಲ್ಲಿ ಮಾಡಿಸಿದಳು. ಹೆತ್ತ ಮಗಳ ಬುತ್ತಿಗೆ ಪರರ ಕೈ ರೊಟ್ಟಿ! ಆ ಬುತ್ತಿ ಹೊತ್ತು ತಾನೇ ಮಗಳ ಜೊತೆ ತಿಕೋಟಾಕ್ಕೆ ಹೋದಳು. ಕೈ ಸೆರಗಿನೊಳಗೇ ಇತ್ತು.

ಮರುದಿನ ಮುಂಜಾನೆ ಹೊಸ ಸೊಸೆ ಮೊದಲ ರೊಟ್ಟಿ ಬಡಿಯಬೇಕು. ಊರ ಅಯ್ಯನವರು, ಜಂಗಮ ಬಸಲಿಂಗಯ್ಯ, ಪ್ರಸಾದಕ್ಕೆ ಬಂದು ಪಡಸಾಲೆಯಲ್ಲಿ ಕೂತಿದ್ದರು. ಅಡುಗೆಮನೆಯ ತುಂಬ ಹೆಂಗಸರು. ಗುರುಬಾಯಿ ಹಿಟ್ಟಿನ ಉಂಡೆ ಮಾಡಿ ಇಟ್ಟುಕೊಂಡಳು. ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಬಡಿಯತೊಡಗಿದಳು.

ರುದ್ರವ್ವ ಕೂತಲ್ಲಿಂದ ಅರ್ಧ ಎದ್ದಳು. ಅಯ್ಯೋ ಶಿವನೇ, ಹುಡುಗಿ ಕಲಿತದ್ದು ಹೀಗೆಯೇ!

"ಏ ತಂಗೀ!" ಕಾಶಿಬಾಯಿ ಗಕ್ಕನೆ ಕೂಗಿದಳು. "ಎಡಗೈಲೆ ಬಡದದ್ದನ್ನ ಅಯ್ಯನವರಿಗೆ ನೀಡಬೇಕೇನು ನಾ? ಬಲಗೈಲೆ ಬಡೀ."

ಗುರುಬಾಯಿ ಕೈ ಬದಲಿಸಿದಳು. ರೊಟ್ಟಿ ಹರಿಯಿತು. ಇನ್ನೊಂದೂ ಹರಿಯಿತು. ಯಾರೋ ಕಿಸಕ್ಕನೆ ನಕ್ಕರು. ಕಣ್ಣಲ್ಲಿ ನೀರು ತುಂಬಿಕೊಂಡು ಹುಡುಗಿ, "ನನಗ ಹಿಂಗಽ ಬರ್ತೈತ್ರಿ ಅತ್ತೀ. ನಮ್ಮವ್ವ ಹಿಂಗಽ ಬಡೀತಾಳ್ರಿ," ಎಂದಳು.

ಎಲ್ಲರ ಕಣ್ಣೂ ರುದ್ರವ್ವನ ಕಡೆ ತಿರುಗಿದವು. ಈಗ ಸುಮ್ಮನಿದ್ದರೆ ಮಗಳು ಜೀವನವಿಡೀ ಈ ಒಲೆಯ ಮುಂದೆ ಕಳ್ಳಳಂತೆ ಕೂರಬೇಕು. ತನಗೆ ಹಾಸಿದ ಚಾಪೆಯೇ ಅವಳಿಗೂ. ರುದ್ರವ್ವ ಸೆರಗು ಸರಿಸಿ ಸೊಟ್ಟ ಕೈಯನ್ನು ಎಲ್ಲರೆದುರು ಹೊರಗೆ ತೆಗೆದಳು.

"ಬೀಗತಿ, ನನ್ನ ಕೈ ಹಿಂಗ ಆಗೈತಿ ನೋಡ್ರಿ. ಅದಕ್ಕ ನಾ ಎಡಗೈಲೆ ಬಡದೆ, ನನ್ನ ನೋಡಿ ಆಕಿ ಕಲತಾಳ. ತಪ್ಪಿದ್ರ ನಂದು. ಖರೇ ಒಂದು ಮಾತು ಕೇಳ್ತೀನಿ. ಈಗ ಜಳಕಾ ಮಾಡಿ ಪೂಜಿಗೆ ಕುಂತಿದ್ರೆಲ್ಲಾ, ಲಿಂಗಪ್ಪನ್ನ ಯಾವ ಕೈಯಾಗ ಇಟ್ಕೊಂಡಿದ್ರಿ?"

ಕಾಶಿಬಾಯಿಯ ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿಯೇ ಇತ್ತು.

"ಎಡಗೈಯಾಗ," ಎಂದಳು ಮೆಲ್ಲಗೆ.

"ಶಿವಾ ಒಲ್ಲೆ ಅನ್ನದಽ ಕುಂಡ್ರೂ ಕೈ, ಒಂದು ಹಿಟ್ಟಿನ ಉಂಡಿಗೆ ಕೆಟ್ಟದ್ದಾತೇನ್ರಿ?"

ಪಡಸಾಲೆಯಿಂದ ಬಸಲಿಂಗಯ್ಯನವರು ಸಣ್ಣಗೆ ಕೆಮ್ಮಿದರು. ಕಾಶಿಬಾಯಿ ತನ್ನ ಎಡ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ಸೊಸೆಯ ಕಡೆ ತಿರುಗಿ, "ಏನ್ ಮಾರಿ ನೋಡ್ತೀ ಬೇ? ಹಂಚು ಸುಡಾಕತ್ತೈತಿ. ನಿನಗ ಹೆಂಗ ಬರ್ತೈತಿ ಹಂಗ ಬಡೀ," ಎಂದಳು. ಆ ರೊಟ್ಟಿಯನ್ನು ತಾನೇ ಒಯ್ದು ಅಯ್ಯನವರ ತಾಟಿಗೆ ನೀಡಿದಳು.

ಹೊರಡುವಾಗ ಕಾಶಿಬಾಯಿ ಬೀಗತಿಯ ಗಂಟಿಗೆ ನಾಲ್ಕು ರೊಟ್ಟಿ ಕಟ್ಟಿದಳು. "ದಾರ್ಯಾಗ ಉಣ್ರಿ. ನಿಮ್ಮ ಮಗಳಽ ಬಡದಾಳ," ಎಂದಳು. ಬಾಯಿ ಇನ್ನೂ ಬಿರುಸೇ, ಆದರೆ ಗಂಟು ಗಟ್ಟಿಯಾಗಿ ಕಟ್ಟಿದ್ದಳು.

ವಿಜಯಪುರದ ಮೋಟಾರು ಧೂಳೆಬ್ಬಿಸುತ್ತ ಹೊರಟಿತು. ರುದ್ರವ್ವ ಗಂಟು ಬಿಚ್ಚಿ ಒಂದು ರೊಟ್ಟಿ ಕೈಗೆತ್ತಿಕೊಂಡಳು. ಅಂಚು ಎಷ್ಟು ತೆಳುವೋ ನಡುವೂ ಅಷ್ಟೇ ತೆಳು. ಎಷ್ಟು ಬಡಿದರೂ ರುದ್ರವ್ವನ ಎಡಗೈಗೆ ಆ ಹದ ಸಿಕ್ಕಿರಲಿಲ್ಲ. ಅದು ಹಳ್ಳದಲ್ಲಿ ಹೋದ ಬಲಗೈಯ ಹದ. ಕೈ ಮುರಿದಂದು ಅಳದವಳು, ಚಾಪೆ ಹಾಸಿಕೊಟ್ಟಂದು ಅಳದವಳು, ತುಂಬಿದ ಮೋಟಾರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಪಕ್ಕದಲ್ಲಿದ್ದ ಮುದುಕಿ ಗಾಬರಿಯಾಗಿ, "ಯಾಕ ಯವ್ವಾ, ಯಾರರೆ ಹ್ವಾದ್ರೇನ?" ಎಂದು ಕೇಳಿದಳು.

"ಇಲ್ಲಬೇ ಆಯಿ," ಎನ್ನುತ್ತ ರುದ್ರವ್ವ ಮೂಗು ಒರೆಸಿಕೊಂಡಳು. ರೊಟ್ಟಿ ಮುರಿದು ಅರ್ಧವನ್ನು ಎಡಗೈಯಿಂದಲೇ ಅವಳ ಮುಂದೆ ಹಿಡಿದಳು. "ತಗೋ, ತಿನ್ನು. ನನ್ನ ಮಗಳು ಬಡದದ್ದು."

ಮುದುಕಿ ತೆಗೆದುಕೊಂಡು ತಿಂದಳು.