ಕೂತವರನ್ನು ಕರೆಯಬಾರದು

ಶರ್ಟು ಹೊಲಿಯುವ ಆ ಫ್ಯಾಕ್ಟರಿಯಲ್ಲಿ ಎಲ್ಲರೂ ಅವಳನ್ನು ಲೈನಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಮೆಷಿನ್ನುಗಳ ಉದ್ದನೆಯ ಒಂದು ಸಾಲು, ಅವರ ಮಾತಿನಲ್ಲಿ ಒಂದು ಲೈನು, ಅವಳ ಉಸ್ತುವಾರಿಯಲ್ಲಿತ್ತು. ಮೊದಲ ಮೆಷಿನ್ನಿನಲ್ಲಿ ಬರೀ ಬಟ್ಟೆಯ ತುಂಡಾಗಿದ್ದದ್ದು ಕೊನೆಯ ಮೆಷಿನ್ನು ದಾಟುವಾಗ ಕಾಲರು, ತೋಳು, ಗುಂಡಿ ಸಮೇತ ಶರ್ಟಾಗಿರಬೇಕು. ನಡುವೆ ಒಬ್ಬಳು ಎದ್ದುಹೋದರೆ ಅವಳ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಅದಕ್ಕೇ ಲೈನಕ್ಕನದೊಂದು ಕಾನೂನಿತ್ತು: ಮೆಷಿನ್ನಿಗೆ ಕೂತವರನ್ನು ಯಾರೂ ಕರೆಯಬಾರದು. ದಾರ ಬೇಕೇ, ಗುಂಡಿ ಬೇಕೇ, ನಿಂತಿರುವವರನ್ನು ಕೇಳಿ. ಮ್ಯಾನೇಜರೇ ಬಂದು ಕರೆದರೂ ಅವಳು ದುರುಗುಟ್ಟಿ ನೋಡುತ್ತಿದ್ದಳು, ಅವರು ಬಂದ ದಾರಿ ಹಿಡಿಯುತ್ತಿದ್ದರು.

ಇಂಥ ಗಟ್ಟಿಗಿತ್ತಿಯ ಮನೆಯಲ್ಲಿ ಮಾತ್ರ ಕಥೆ ಬೇರೆಯೇ ಇತ್ತು. ಅವಳಿಗೆ ಅವಳಿ ಮಕ್ಕಳು, ಗುಂಡ ಮತ್ತು ಚುಕ್ಕಿ. ಇಬ್ಬರಿಗೂ ಒಂದೇ ತರಗತಿ, ಒಂದೇ ಮೇಷ್ಟರು, ಓದಲು ಕಿಟಕಿ ಪಕ್ಕದ ಒಂದೇ ಮೇಜು. ಆದರೂ ಗುಂಡ ಗಣಿತದಲ್ಲಿ ತರಗತಿಯ ಮುಂದಿನ ಸಾಲಿನವನು, ಚುಕ್ಕಿ ಪಾಸಾದರೆ ಅದೇ ದೊಡ್ಡದು. "ಹೆಣ್ಮಕ್ಕಳ ತಲೆಗೆ ಲೆಕ್ಕ ಹತ್ತಲ್ಲ ಬಿಡು" ಎಂದು ಅಜ್ಜಿ ತೀರ್ಪು ಕೊಟ್ಟಾಗಿತ್ತು. ವ್ಯಾನ್ ಓಡಿಸುವ ಅಪ್ಪ ತಲೆಯಾಡಿಸಿದ್ದ. ಊರಿಗೆಲ್ಲ ಬುದ್ಧಿ ಹೇಳುವ ಲೈನಕ್ಕನೂ ಅದನ್ನು ನಂಬಿಬಿಟ್ಟಿದ್ದಳಲ್ಲ, ಸಿಟ್ಟು ಬರುವುದೇ ಅದಕ್ಕೆ. ಹತ್ತನೇ ತರಗತಿ ಮುಗಿದ ಮೇಲೆ ಗುಂಡ ಕಾಲೇಜಿಗೆ, ಚುಕ್ಕಿ ಅಮ್ಮನ ಜೊತೆ ಫ್ಯಾಕ್ಟರಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸೇತುವೆ ಕಟ್ಟುವ ಓದು ಓದಬೇಕು ಎಂಬ ಚುಕ್ಕಿಯ ಆಸೆಯನ್ನು ಯಾರೂ ಕೇಳಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಕರೆಂಟು ಕೈಕೊಟ್ಟು ಎಲ್ಲರನ್ನೂ ಬೇಗ ಬಿಟ್ಟರು. ಲೈನಕ್ಕ ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿದಳು. ಮಕ್ಕಳಿಬ್ಬರೂ ಮೇಜಿನ ಮುಂದೆ ಕೂತು ಒಂದೇ ಲೆಕ್ಕ ಬಿಡಿಸುತ್ತಿದ್ದರು.

"ಚುಕ್ಕೀ, ನನ್ನ ಕನ್ನಡಕ ಎಲ್ಲಿ ನೋಡೇ" ಎಂದರು ಅಜ್ಜಿ. ಚುಕ್ಕಿ ಎದ್ದಳು, ಕೊಟ್ಟಳು, ಕೂತಳು. "ಚುಕ್ಕೀ, ಸ್ವಲ್ಪ ಟೀ ಇಡಮ್ಮ" ಎಂದ ಅಪ್ಪ. ಎದ್ದಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಪಾಪೂನ ಒಂಚೂರು ಎತ್ಕೋ ಚುಕ್ಕಿ, ಸ್ನಾನ ಮಾಡಿ ಬರ್ತೀನಿ" ಎಂದಳು. ಪಾಪು ಕಂಕುಳಿಗೆ ಬಂತು. ಗುಂಡ ಪುಸ್ತಕದಿಂದ ಕಣ್ಣೆತ್ತದೆಯೇ, "ಹಾಗೇ ನಂಗೆ ನೀರು" ಎಂದ. ಅಷ್ಟೂ ಮುಗಿಸಿ ಹುಡುಗಿ ಬಂದು ಕೂರುವಷ್ಟರಲ್ಲಿ, "ಚುಕ್ಕೀ, ಒಣಗಿದ ಬಟ್ಟೆ ತಗೊಂಡು ಬಾ" ಎಂಬ ಇನ್ನೊಂದು ದನಿ ಬಂತು. ಅದು ಲೈನಕ್ಕನದೇ.

ಚುಕ್ಕಿ ಬಟ್ಟೆ ತಂದಿಟ್ಟು, ಪೆನ್ನು ಹಿಡಿದು, ತನ್ನಷ್ಟಕ್ಕೆ ತಾನೇ ಗೊಣಗಿಕೊಂಡಳು. "ಎಲ್ಲಿದ್ದೆ ನಾನು?" ಮತ್ತೆ ಮೊದಲ ಸಾಲಿನಿಂದ ಲೆಕ್ಕ ಓದತೊಡಗಿದಳು.

ಲೈನಕ್ಕ ಮಂಚದ ಮೇಲೆ ಎದ್ದು ಕೂತಳು. ಮೆಷಿನ್ನು ಬಿಟ್ಟು ಎದ್ದುಹೋಗಿ ಮತ್ತೆ ಬಂದು ಕೂತ ಹುಡುಗಿಯರು ಹೇಳುವ ಮಾತೇ ಅದು. ಅಂಥವಳ ಕೈಯಲ್ಲಿ ಕೆಲಸ ಹಿಂದೆ ಬಿದ್ದರೆ ಲೈನಕ್ಕ ಆ ಹುಡುಗಿಯನ್ನು ಬೈದವಳಲ್ಲ, ಎಬ್ಬಿಸಿದವರನ್ನು ಬೈದವಳು. ಸ್ವಂತ ಮಗಳನ್ನು ಇಷ್ಟು ವರ್ಷ ಎಬ್ಬಿಸಿ ಎಬ್ಬಿಸಿ, ಕೊನೆಗೆ ದಡ್ಡಿ ಎಂಬ ಹಣೆಪಟ್ಟಿಯನ್ನೂ ಹಚ್ಚಿದ್ದಳು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

"ಅತ್ತೆ, ಇವತ್ತಿಂದ ಈ ಮೇಜಿಗೆ ಕೂತವರನ್ನ ಯಾರೂ ಕರೆಯೋ ಹಾಗಿಲ್ಲ" ಎಂದಳು.

"ಮತ್ತೆ ನನ್ನ ಕನ್ನಡಕ ಯಾರು ತರ್ತಾರೆ?"

"ನಾನು ತರ್ತೀನಿ. ನಾನಿಲ್ಲದಾಗ ನಿಮ್ಮ ಮಗ ತರ್ತಾರೆ. ಮಕ್ಕಳು ಓದಿ ಎದ್ದ ಮೇಲೆ ಕೆಲಸ ಇಬ್ಬರಿಗೂ ಸಮ."

ಗಂಡ ತಮಾಷೆಯೆಂದುಕೊಂಡು ನಕ್ಕ. ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ. "ಇಷ್ಟು ಸಣ್ಣಪುಟ್ಟ ಕೆಲಸಕ್ಕೆಲ್ಲ..."

"ಸಣ್ಣ ಕೆಲಸ ಅಂತೀರಲ್ಲ ರೀ, ಗುಂಡನ್ನ ಯಾವತ್ತಾದ್ರೂ ಎಬ್ಬಿಸಿದ್ದೀರಾ? ಪರೀಕ್ಷೆ ಮುಗಿಯೋವರೆಗೆ ನನ್ನ ಮಾತು ನಡೀಲಿ. ಆಮೇಲೂ ಅವಳಿಗೆ ಲೆಕ್ಕ ಹತ್ತಲಿಲ್ಲ ಅಂದ್ರೆ, ನಾನೇ ಕರ್ಕೊಂಡು ಹೋಗಿ ಮೆಷಿನ್ನಿಗೆ ಕೂರಿಸ್ತೀನಿ."

ಮನೆಯಲ್ಲಿ ಯುದ್ಧವೇ ಶುರುವಾಯಿತು. ಅಜ್ಜಿ ಮುಖ ಊದಿಸಿಕೊಂಡು ಗೋಡೆಯ ಜೊತೆ ಮಾತಾಡಿದರು. "ಗಂಡು ಹುಡುಗನ ಕೈಲಿ ಪಾತ್ರೆ ತೊಳೆಸೋ ಕಾಲ ಬಂತು" ಎಂದು ಗೋಡೆಗೂ ತಿಳಿಸಿದರು. ಗುಂಡ ತೊಳೆದ ಲೋಟದಲ್ಲಿ ಟೀ ಕುಡಿದವರಿಗೆ ಸೋಪಿನ ರುಚಿ ಪುಕ್ಕಟೆ ಸಿಕ್ಕಿತು. ಅಪ್ಪನ ಟೀ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಬರಬರುತ್ತಾ ಅವನಿಗೇ ಅದರ ಜಂಬ ಬಂತು. ಎಲ್ಲಕ್ಕಿಂತ ಕಷ್ಟವಾದದ್ದು ಚುಕ್ಕಿಗೆ. ಯಾರೋ ಸುಮ್ಮನೆ ಕೆಮ್ಮಿದರೂ ಅವಳ ಕಾಲು ತಾನಾಗಿ ಏಳುತ್ತಿತ್ತು. ಅಮ್ಮ ಬಂದು ಭುಜದ ಮೇಲೆ ಕೈಯಿಟ್ಟು, "ನಿನ್ನನ್ನಲ್ಲ, ಕೂತ್ಕೋ" ಎನ್ನಬೇಕಿತ್ತು.

ಕ್ರಮೇಣ ಆ ಕಾಲು ಏಳುವುದನ್ನು ಮರೆಯಿತು. ಒಂದು ಸಂಜೆ ಗುಂಡ ತಲೆ ಕೆರೆದುಕೊಳ್ಳುತ್ತಿದ್ದ ಲೆಕ್ಕವನ್ನು ಚುಕ್ಕಿ ತನ್ನ ಕಡೆ ಎಳೆದುಕೊಂಡು, "ಇಲ್ಲಿ ತಪ್ಪಿದ್ದೀಯ ನೋಡೋ" ಎಂದಳು. ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದ ಲೈನಕ್ಕನ ಕೈ ನಿಂತಿತು. ಸಂತೋಷಕ್ಕೆ ಅವಳ ಕಣ್ಣು ತುಂಬಿತು.

ಫಲಿತಾಂಶದ ದಿನ ಗಣಿತದಲ್ಲಿ ಇಡೀ ಶಾಲೆಗೆ ಚುಕ್ಕಿಯೇ ಮೊದಲು. ಪಾತ್ರೆ ತೊಳೆದ ಗುಂಡನಿಗೂ ಏನೂ ಮುಕ್ಕಾಗಿರಲಿಲ್ಲ, ಹಿಂದಿಗಿಂತ ಹೆಚ್ಚೇ ಬಂದಿತ್ತು. ಅವನು ತನ್ನದಕ್ಕಿಂತ ತಂಗಿಯ ಅಂಕವನ್ನೇ ಬೀದಿಯಿಡೀ ಸಾರಿಕೊಂಡು ಬಂದ. ಅಪ್ಪ ಗಂಟಲು ಸರಿಮಾಡಿಕೊಂಡು, "ಕಾಲೇಜಿಗೆ ಇಬ್ಬರನ್ನೂ ನಾನೇ ವ್ಯಾನಲ್ಲಿ ಬಿಡ್ತೀನಿ" ಎಂದ. ಲೈನಕ್ಕ ಮಗಳನ್ನು ಎಲ್ಲರೆದುರೇ ತಬ್ಬಿಕೊಂಡಳು.

ಕಾಲೇಜು ಶುರುವಾದ ಮೇಲೆ ಒಂದು ಸಂಜೆ ಚುಕ್ಕಿ ಮೇಜಿನ ಮುಂದಿದ್ದಾಗ, ಪಕ್ಕದ ಮನೆಯಾಕೆ ಪಾಪುವನ್ನೆತ್ತಿಕೊಂಡು ಬಾಗಿಲಿಗೆ ಬಂದು, "ಚುಕ್ಕೀ" ಎಂದು ಬಾಯಿ ತೆರೆದಳು.

ಅಜ್ಜಿ ದಡಬಡಿಸಿ ಎದ್ದು ಬಂದು ಅಡ್ಡ ನಿಂತರು. "ಮೆಲ್ಲಗೆ. ನಮ್ಮನೇಲಿ ಕೂತವರನ್ನ ಕರೆಯೋ ಹಾಗಿಲ್ಲ" ಎಂದು ತೋಳು ಚಾಚಿದರು. "ಪಾಪೂನ ಇಲ್ಲಿ ಕೊಡು."